ಬ್ಲಾಗಿನಲ್ಲಿ ಮೊದಲ ಕಂತು ಮೇಲೆ ಬರಬೇಕು, ಕೊನೆಯದು ಕೆಳಗೆ. ಹೇಗೆ ಮಾಡುವುದು?

ಹೊಳೆಯಾಚೆ (ಸಾಗರ):

ಎಲ್ಲರಿಗೂ ನಮಸ್ಕಾರ. ಗೂಗಲ್‌ನ ಬ್ಲಾಗರ್ ಸೇವೆಯಲ್ಲಿರುವ ನನ್ನ ಬ್ಲಾಗಿನಲ್ಲಿ ಹೊಸ ಬರಹ ಮೇಲೆ, ಹಳೆಯದು ಕೆಳಗೆ ಬರುತ್ತದೆ. ಅದನ್ನು ತಿರುಗಿಸಬೇಕು. ಮೊದಲು ಹಾಕಿದ್ದು ಮೊದಲು ಕಾಣಬೇಕು. ಪ್ರಶ್ನೆ ಇಷ್ಟೇ. ಆದರೆ ಇದು ಯಾಕೆ ಬೇಕು ಅಂತ ಹೇಳದಿದ್ದರೆ ಸರಿಯಾದ ಉತ್ತರ ಸಿಗಲಿಕ್ಕಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಮೂಲ ಮನೆ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮನೆ, ತೋಟ, ಗದ್ದೆ ಎಲ್ಲ ಮುಳುಗಿತು. ಅಜ್ಜ ಹಂಚು, ತೊಲೆ, ಬಾಗಿಲು ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಬಂದು ಸಾಗರದ ಹತ್ತಿರ ಮನೆ ಕಟ್ಟಿದರು. ನಾವು ಈಗ ಇರುವುದು ಅದೇ ಮನೆಯಲ್ಲಿ. ಜಗುಲಿಯ ಕಂಬದ ಬುಡದಲ್ಲಿ ಹಳೇ ಮನೆಯ ಕೊರೆತದ ಗುರುತು ಇನ್ನೂ ಇದೆ.

2020ರ ಲಾಕ್‌ಡೌನಿನಲ್ಲಿ ಅಟ್ಟದ ಪೆಟ್ಟಿಗೆ ತೆಗೆದಾಗ ಅಜ್ಜನ ಐದು ನೋಟುಬುಕ್ಕು ಸಿಕ್ಕವು. ದಿನಚರಿ ಅಂದರೆ ದಿನಾ ಬರೆದದ್ದಲ್ಲ. ಏನಾದರೂ ಇದ್ದ ದಿನ ನಾಲ್ಕು ಸಾಲು. ಮೊದಲ ಪುಟ ಹೀಗಿದೆ:

"ಶಾರ್ವರಿ ಸಂ. ರೋಹಿಣಿ ಮಳೆ. ತಾ. 29-5-60. ಹೊಳೆ ಮೆಟ್ಟಿಲು 21 ಪೂರಾ ಕಾಣುತ್ತದೆ. ಸಂಜೆ ಗುಡುಗು. ಸೊಪ್ಪಿಗೆ ಇಬ್ಬರು."

ಮನೆಯಿಂದ ಹೊಳೆಗೆ ಇಳಿಯಲು ಇಪ್ಪತ್ತೊಂದು ಕಲ್ಲುಮೆಟ್ಟಿಲು ಇತ್ತಂತೆ. ಅಜ್ಜ ಪ್ರತಿ ಮಳೆಗಾಲ ಅದನ್ನು ಎಣಿಸಿ ಬರೆಯುತ್ತಿದ್ದರು. "ಪುನರ್ವಸು ಮಳೆ, ಐದು ಮುಳುಗಿದೆ. ಮೇಲಿನ ತೋಟದಲ್ಲಿ ಕೊಳೆ ಕಂಡಿದೆ, ಕೊನೆಗೌಡನಿಗೆ ಹೇಳಿ ಕಳಿಸಿದೆ." (ಕೊಳೆ ಅಂದರೆ ಅಡಿಕೆಯ ಕೊಳೆರೋಗ, ಕೊನೆಗೌಡ ಅಂದರೆ ಅಡಿಕೆ ಮರ ಹತ್ತುವವನು.) "ಆಶ್ಲೇಷ, ಹನ್ನೊಂದು." "ಮಘೆ, ನಾಲ್ಕು. ಹೊಳೆ ಇಳಿಯಿತು." ನಾಲ್ಕು ವರ್ಷ ಹೀಗೆ ಹೊಳೆ ಏರುತ್ತದೆ, ಇಳಿಯುತ್ತದೆ. ಮಧ್ಯೆ ಸರ್ವೆಯವರು ಬರುತ್ತಾರೆ, ಕಲ್ಲು ನೆಡುತ್ತಾರೆ, ಪರಿಹಾರದ ಮಾತು ಬರುತ್ತದೆ. ಐದನೇ ವರ್ಷ ಹೊಳೆ ಏರಿದ್ದು ಇಳಿಯಲಿಲ್ಲ. ಕೊನೆಯ ಪುಟದಲ್ಲಿ, ಕ್ರೋಧಿ ಸಂವತ್ಸರದ ಪುಷ್ಯ ಮಳೆ, ಒಂದೇ ಸಾಲು: "ಮೆಟ್ಟಿಲು ಎಣಿಸುವುದು ಇವತ್ತಿಗೆ ನಿಲ್ಲಿಸಿದೆ."

2020 ಕೂಡ ಶಾರ್ವರಿ ಸಂವತ್ಸರವೇ. ಅರುವತ್ತು ವರ್ಷಕ್ಕೆ ಚಕ್ರ ತಿರುಗಿ ಅದೇ ಹೆಸರು ಬಂದಿತ್ತು. ಅದು ಗೊತ್ತಾದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಜ್ಜ ಯಾವ ತಾರೀಖಿನಲ್ಲಿ ಬರೆದರೋ ಅದೇ ತಾರೀಖಿಗೆ, ಸರಿಯಾಗಿ ಅರುವತ್ತು ವರ್ಷ ಆದ ಮೇಲೆ, ಒಂದೊಂದನ್ನು ಟೈಪ್ ಮಾಡಿ ಬ್ಲಾಗಿಗೆ ಹಾಕಬೇಕು ಅಂತ ನಿಶ್ಚಯ ಮಾಡಿದೆ. 2020ರ ಮೇ 29ಕ್ಕೆ ಮೊದಲನೆಯದು. 2024ರ ಜುಲೈಯಲ್ಲಿ ಕೊನೆಯದು. ಒಟ್ಟು 58 ಕಂತು. ಫೋನಿನಲ್ಲೇ ಟೈಪ್ ಮಾಡಿದ್ದು.

ಹಾಕುತ್ತಾ ಇದ್ದಷ್ಟು ದಿನ ತೊಂದರೆ ಇರಲಿಲ್ಲ. ಓದುವವರು ಹತ್ತು ಹದಿನೈದು ಜನ, ಎಲ್ಲ ನೆಂಟರು, ಕಂತು ಕಂತಾಗಿ ಓದಿದರು. ಈಗ ಹಾಗಲ್ಲ. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ಶುರುವಾಯಿತಲ್ಲ, ಆಮೇಲೆ ಲಾಂಚು, ಮುಳುಗಡೆ ಅಂತೆಲ್ಲ ಹುಡುಕಿಕೊಂಡು ಗುರುತಿಲ್ಲದವರು ಬರುತ್ತಿದ್ದಾರೆ. ಬಂದವರಿಗೆ ಮೊದಲು ಕಾಣುವುದು ಕೊನೆಯ ಪುಟ. ಮೊನ್ನೆ ಬೆಂಗಳೂರಿನ ಒಬ್ಬ ಹುಡುಗಿ ಕೆಳಗೆ ಬರೆದಿದ್ದಳು: "ಓದಿ ಬೇಜಾರಾಯಿತು, ಆದರೆ ಇದು ಯಾವ ಮೆಟ್ಟಿಲು?"

ಅವಳ ತಪ್ಪಲ್ಲ. ಇಪ್ಪತ್ತೊಂದು ಮೆಟ್ಟಿಲನ್ನು ಅವಳು ಒಮ್ಮೆಯೂ ನೋಡಿಲ್ಲ. ಅಜ್ಜನ ಜೊತೆ ನಾಲ್ಕು ಮಳೆಗಾಲ ಹೊಳೆ ಇಳಿಯುವುದನ್ನು ಕಾದವರಿಗೆ ಮಾತ್ರ ಆ ಕೊನೆಯ ಸಾಲು ಅರ್ಥವಾಗುತ್ತದೆ. ಇದನ್ನು ಹಿಂದುಮುಂದಾಗಿ ಓದಿಸುವುದು ಅಜ್ಜನಿಗೆ ಮಾಡಿದ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

ಸೆಟ್ಟಿಂಗ್ಸ್ ಪೂರ್ತಿ ಹುಡುಕಿದೆ, ಕ್ರಮ ಬದಲಿಸುವುದು ಎಲ್ಲೂ ಕಾಣಲಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ. ನನಗೆ ಕೋಡಿಂಗ್ ಬರುವುದಿಲ್ಲ.


ಹೊಸನಗರ ಹುಡುಗ:

ಅಕ್ಕಾ, ಬ್ಲಾಗರಿನಲ್ಲಿ "ಹಳೆಯದು ಮೊದಲು" ಅನ್ನುವ ಆಯ್ಕೆ ಇಲ್ಲ. ನೀವು ಹುಡುಕಿದ್ದು ಸರಿಯಾಗಿಯೇ ಇದೆ, ಅಲ್ಲಿ ಇಲ್ಲದ್ದು ಸಿಗುವುದಾದರೂ ಹೇಗೆ.

ಆದರೆ ದಾರಿ ಇದೆ. ಬ್ಲಾಗರ್ ಕ್ರಮ ಹಿಡಿಯುವುದು ಪ್ರಕಟಣೆಯ ದಿನಾಂಕ ನೋಡಿ ಮಾತ್ರ. ಆ ದಿನಾಂಕ ನಮ್ಮ ಕೈಯಲ್ಲಿದೆ. ಬರಹವನ್ನು ಎಡಿಟ್‌ಗೆ ತೆಗೆಯಿರಿ, ಬಲಗಡೆ ಪೋಸ್ಟ್ ಸೆಟ್ಟಿಂಗ್ಸ್ ಅಂತ ಇರುತ್ತದೆ, ಅದರಲ್ಲಿ "ಪಬ್ಲಿಶ್ಡ್ ಆನ್" ಒತ್ತಿದರೆ ದಿನಾಂಕ, ಗಂಟೆ ಎರಡನ್ನೂ ಬದಲಿಸಬಹುದು. ಮೊದಲ ಕಂತಿಗೆ ನಿನ್ನೆಯ ದಿನಾಂಕ ಕೊಡಿ, ಎರಡನೆಯದಕ್ಕೆ ಮೊನ್ನೆಯದು, ಮೂರನೆಯದಕ್ಕೆ ಆಚೆ ಮೊನ್ನೆಯದು. ಹೀಗೆ ಹಿಂದೆ ಹಿಂದೆ ಹೋಗಿ. 58 ದಿನದ ಲೆಕ್ಕ. ಅಪ್ಡೇಟ್ ಒತ್ತಿದ ಕೂಡಲೇ ಮೊದಲನೆಯದು ಮೇಲೆ ಬಂದು ಕೂರುತ್ತದೆ. ಅಷ್ಟು ದಿನ ಬೇಡ ಅಂದರೆ ಎಲ್ಲದಕ್ಕೂ ಒಂದೇ ದಿನ ಕೊಟ್ಟು ಗಂಟೆ, ನಿಮಿಷ ಮಾತ್ರ ಬದಲಿಸಿದರೂ ಆಗುತ್ತದೆ.

ಶುರು ಮಾಡುವ ಮೊದಲು ಸೆಟ್ಟಿಂಗ್ಸಿನಲ್ಲಿ ಟೈಮ್ ಜೋನ್ ಭಾರತದ್ದು ಇದೆಯಾ ನೋಡಿಕೊಳ್ಳಿ. ಅಮೆರಿಕದ್ದು ಇದ್ದರೆ ದಿನಾಂಕ ಒಂದು ದಿನ ಆಚೀಚೆ ಆಗಿ ತಲೆ ಕೆಡುತ್ತದೆ. ದಿನಾಂಕ ಬದಲಿಸಿದರೂ ಪ್ರಕಟವಾದ ಬರಹದ ವಿಳಾಸ ಬದಲಾಗುವುದಿಲ್ಲ, ನೆಂಟರಿಗೆ ವಾಟ್ಸಾಪಿನಲ್ಲಿ ಕಳಿಸಿದ ಲಿಂಕು ಎಲ್ಲ ಹಾಗೇ ಕೆಲಸ ಮಾಡುತ್ತದೆ. ಡ್ರಾಫ್ಟ್‌ಗೆ ಮಾತ್ರ ವಾಪಸ್ ತೆಗೆಯಬೇಡಿ. ಮತ್ತೆ ಬ್ಯಾಕಪ್ ತೆಗೆದಿಟ್ಟುಕೊಳ್ಳದೆ ಕೈ ಹಾಕಬೇಡಿ. ಸೆಟ್ಟಿಂಗ್ಸಿನಲ್ಲಿ "ಬ್ಯಾಕಪ್ ಕಂಟೆಂಟ್" ಇದೆ.

ನಮ್ಮ ಅಮ್ಮನ ತವರು ಮನೆಯೂ ಆ ಕಡೆಯದೇ. ಮೊದಲ ಪುಟ ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.


ಅಡಿಕೆ ಮಂಡಿ (ಶಿವಮೊಗ್ಗ):

ಬ್ಲಾಗು ಅಂದರೆ ಹೊಸದು ಮೇಲೆ ಇರಲೇಬೇಕು ಅನ್ನುವ ಪಕ್ಷದವನು ನಾನು, ಹೇಳಿಬಿಡುತ್ತೇನೆ. ನಾನು ದಿನಾ ರಾಶಿ, ಬೆಟ್ಟೆ, ಗೊರಬಲು, ಸರಕು ಈ ಅಡಿಕೆಗಳ ಧಾರಣೆ ಹಾಕುತ್ತೇನೆ. ಹೋದ ವಾರದ ರೇಟು ಯಾರಿಗೆ ಬೇಕು? ತೋಟದವರು ಫೋನು ತೆಗೆದ ಕೂಡಲೇ ಇವತ್ತಿನದು ಕಾಣಬೇಕು. ಅಂಥ ಕೆಲಸಕ್ಕೆ ಈ ಕ್ರಮ ಒಳ್ಳೆಯದೇ.

ನಿಮ್ಮದು ಆ ಜಾತಿಯ ಬರಹ ಅಲ್ಲ, ಒಪ್ಪಿದೆ. ಆದರೂ ಎಲ್ಲವನ್ನೂ ತಿರುಗಿಸುವ ಬದಲು ಒಂದು ಕೆಲಸ ಮಾಡಿ ನೋಡಿ. ಲೇಔಟ್‌ಗೆ ಹೋಗಿ "ಫೀಚರ್ಡ್ ಪೋಸ್ಟ್" ಅನ್ನುವ ಗ್ಯಾಜೆಟ್ ಸೇರಿಸಿ, ಅದರಲ್ಲಿ ಮೊದಲ ಕಂತನ್ನು ಆರಿಸಿ, ಬ್ಲಾಗ್ ಪೋಸ್ಟುಗಳ ಮೇಲ್ಗಡೆ ಎಳೆದಿಡಿ. ಬಂದವರಿಗೆ ಮೊದಲು ಅದೇ ಕಾಣುತ್ತದೆ. ಎರಡು ನಿಮಿಷದ ಕೆಲಸ. ನಾನು ಕೊಳೆ ಔಷಧಿಯ ಪ್ರಮಾಣ ಬರೆದದ್ದನ್ನು ಮಳೆಗಾಲದಲ್ಲಿ ಹೀಗೇ ಮೇಲಿಡುತ್ತೇನೆ. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಪ್ರತಿ ವರ್ಷ ಅದನ್ನೇ ಕೇಳುತ್ತಾರೆ.


ಹೊಳೆಯಾಚೆ:

ಇಬ್ಬರಿಗೂ ಧನ್ಯವಾದ.

ಹೊಸನಗರದ ತಮ್ಮ ಹೇಳಿದ ಹಾಗೆ ನಿನ್ನೆ ರಾತ್ರಿ ನಾಲ್ಕು ಕಂತಿನ ದಿನಾಂಕ ಬದಲಿಸಿದೆ. ಹೇಳಿದ್ದು ಹೇಳಿದಂತೆಯೇ ಆಯಿತು, ಮೊದಲನೆಯದು ಮೇಲೆ ಬಂತು. ಆದರೆ ಬೆಳಿಗ್ಗೆ ಎದ್ದು ನೋಡಿದಾಗ ಮನಸ್ಸಿಗೆ ಹಿಡಿಸಲಿಲ್ಲ. ಮೂರು ತೊಂದರೆ ಕಂಡಿತು.

ಒಂದನೆಯದು, ಎರಡನೇ ಕಂತಿಗೆ ನಮ್ಮ ದೊಡ್ಡತ್ತೆ ಬರೆದ ಒಂದು ಮಾತಿದೆ. ಹೊಳೆ ಮೆಟ್ಟಿಲಿನ ಮೂರನೇ ಕಲ್ಲು ಅಲ್ಲಾಡುತ್ತಿತ್ತು, ಬಟ್ಟೆ ತೊಳೆಯಲು ಹೋದಾಗ ಅದನ್ನು ದಾಟಿ ಇಳಿಯುತ್ತಿದ್ದೆವು ಅಂತ. ಅತ್ತೆ ಅದನ್ನು ಬರೆದದ್ದು 2020ರಲ್ಲಿ. 2022ರಲ್ಲಿ ಹೋಗಿಬಿಟ್ಟರು. ಈಗ ಬರಹದ ದಿನಾಂಕ 2025 ಅಂತ ತೋರಿಸುತ್ತದೆ, ಕೆಳಗೆ ಅತ್ತೆಯ ಮಾತಿಗೆ 2020 ಅಂತ ಇದೆ. ಬರಹ ಹುಟ್ಟುವ ಐದು ವರ್ಷ ಮೊದಲೇ ಅತ್ತೆ ಉತ್ತರ ಬರೆದಿಟ್ಟು ಹೋದ ಹಾಗೆ. ಅದನ್ನು ನೋಡಲು ಆಗಲಿಲ್ಲ.

ಎರಡನೆಯದು, ನಾನು ನಾಲ್ಕು ವರ್ಷ ಒಂದೊಂದು ತಾರೀಖು ಕಾದು ಹಾಕಿದ್ದಲ್ಲವಾ, ಅದೇ ಅಳಿಸಿಹೋಯಿತು. 7-7-60ರ ಪುಟಕ್ಕೆ 7 ಜುಲೈ 2020 ಅಂತ ಇತ್ತು. ಈಗ ಯಾವುದೋ ಅರ್ಥವಿಲ್ಲದ ದಿನ. ಒಂದು ಸಲ ಜ್ವರ ಬಂದು ಮಲಗಿದ್ದಾಗ ಆಶ್ಲೇಷ ಮಳೆಯ ಪುಟ ತಪ್ಪಿಹೋಗಬಾರದು ಅಂತ ತಮ್ಮನ ಹತ್ತಿರ ಟೈಪ್ ಮಾಡಿಸಿದ್ದೆ. ಆ ದಿನಾಂಕ ಅಲಂಕಾರಕ್ಕೆ ಇಟ್ಟದ್ದಲ್ಲ, ಬರಹದ ಒಂದು ಭಾಗ ಅದು.

ಮೂರನೆಯದು, ಒಂದು ಕಂತು ಓದಿ ಮುಗಿಸಿದರೆ ಕೆಳಗೆ ಸಿಗುವ "ಹಳೆಯ ಪೋಸ್ಟ್" ಒತ್ತಬೇಕು, ಆಗ ಮುಂದಿನ ಕಂತು ಬರುತ್ತದೆ. ಅಪ್ಪಯ್ಯನಿಗೆ ಇದನ್ನು ವಿವರಿಸಲು ಹೋಗಿ ಸೋತೆ. "ಮುಂದೆ ಓದಲಿಕ್ಕೆ ಹಳೆಯದು ಯಾಕೆ ಒತ್ತಬೇಕು?" ಅಂತ ಕೇಳಿದರು. ಅವರು ಕೇಳಿದ್ದೇ ಸರಿ.

ಹಾಗಾಗಿ ನಾಲ್ಕನ್ನೂ ಮೊದಲಿದ್ದ ದಿನಾಂಕಕ್ಕೇ ವಾಪಸ್ ತಂದಿದ್ದೇನೆ. ಬದಲಿಸುವ ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ, ಉಳಿಯಿತು.

ಮಂಡಿಯವರು ಹೇಳಿದ ಫೀಚರ್ಡ್ ಪೋಸ್ಟ್ ಈಗಲೇ ಹಾಕಿದೆ. ಮೇಲ್ಗಡೆ ರೋಹಿಣಿ ಮಳೆ ಬಂತು, ಸಂತೋಷ ಆಯಿತು. ಆದರೆ ಅದರ ಕೆಳಗೇ ಕೊನೆಯ ಪುಟ ಹಾಗೇ ಇದೆ. ಬೆರಳು ಸ್ವಲ್ಪ ಜಾರಿಸಿದರೂ ಅದೇ ಕಾಣುತ್ತದೆ.

ದಿನಾಂಕ ಮುಟ್ಟದೆ ಕ್ರಮ ಮಾತ್ರ ಬದಲಿಸಲು ಬರುತ್ತದಾ?


ತೀರ್ಥಹಳ್ಳಿ ಮೇಷ್ಟ್ರು:

ತಂಗೀ, ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಉತ್ತರ ಇದೆ. ದಿನಾಂಕ ಒಂದು, ಕ್ರಮ ಇನ್ನೊಂದು. ಬ್ಲಾಗರ್ ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದೆ. ನೀವು ಬಿಚ್ಚಿ ಬೇರೆ ಬೇರೆ ಕಟ್ಟಬೇಕು. ದಿನಾಂಕ ಬರಹದ ಮೇಲೆ ಇರಲಿ, ಕ್ರಮಕ್ಕೆ ಪರಿವಿಡಿ ಮಾಡಿ. ಪುಸ್ತಕಕ್ಕೆ ಮಾಡುವುದಿಲ್ಲವೇ, ಹಾಗೆ.

ನಾನು ನಿವೃತ್ತನಾದ ಮೇಲೆ ನಮ್ಮ ಕಡೆಯ ಗಿಡಮೂಲಿಕೆ, ಕಾಡುಹಣ್ಣುಗಳ ಬಗ್ಗೆ ನೂರಕ್ಕೂ ಹೆಚ್ಚು ಟಿಪ್ಪಣಿ ಹಾಕಿದ್ದೇನೆ. ನನಗೂ ಇದೇ ಗೋಳು ಇತ್ತು. ಮುರುಗಲು ಹುಡುಕುವವರಿಗೆ ಮೊದಲು ಹಲಸು ಸಿಗುತ್ತಿತ್ತು. ಏನು ಮಾಡಿದೆ ಅಂತ ಹೇಳುತ್ತೇನೆ, ನಿಧಾನಕ್ಕೆ ಓದಿಕೊಳ್ಳಿ.

ಬ್ಲಾಗರಿನಲ್ಲಿ ಪೋಸ್ಟ್ ಬೇರೆ, ಪೇಜ್ ಬೇರೆ. ಪೋಸ್ಟುಗಳು ದಿನಾಂಕದ ಸಾಲಿನಲ್ಲಿ ನಿಲ್ಲುತ್ತವೆ. ಪೇಜ್ ಆ ಸಾಲಿಗೆ ಬರುವುದೇ ಇಲ್ಲ, ಅದು ತನ್ನ ಪಾಡಿಗೆ ಒಂದು ಕಡೆ ಇರುತ್ತದೆ. ನೀವು ಒಂದು ಹೊಸ ಪೇಜ್ ಮಾಡಿ. ಆದರೆ ಶೀರ್ಷಿಕೆಯನ್ನು ಮೊದಲಿಗೆ ಇಂಗ್ಲಿಷಿನಲ್ಲಿ ಒಂದು ಚಿಕ್ಕ ಪದವಾಗಿ ಕೊಟ್ಟು ಪ್ರಕಟಿಸಿ, ಆಮೇಲೆ ತೆಗೆದು ಕನ್ನಡಕ್ಕೆ ಬದಲಿಸಿ. ಯಾಕೆಂದರೆ ಬ್ಲಾಗರ್ ಶೀರ್ಷಿಕೆಯ ಇಂಗ್ಲಿಷ್ ಅಕ್ಷರಗಳಿಂದ ವಿಳಾಸ ಮಾಡಿಕೊಳ್ಳುತ್ತದೆ. ಪೂರ್ತಿ ಕನ್ನಡದಲ್ಲಿದ್ದರೆ ಅದಕ್ಕೆ ಏನೂ ಸಿಗದೆ "ಬ್ಲಾಗ್-ಪೇಜ್" ಅಂತ ಇಟ್ಟುಬಿಡುತ್ತದೆ. ನಿಮ್ಮ 58 ಕಂತಿನ ವಿಳಾಸವೂ "ಬ್ಲಾಗ್-ಪೋಸ್ಟ್" ಮುಂದೆ ಒಂದು ಅಂಕಿ ಅಂತಲೇ ಇರಬೇಕು, ನೋಡಿ. ಕನ್ನಡದಲ್ಲಿ ಬರೆಯುವ ನಮ್ಮೆಲ್ಲರದ್ದೂ ಅದೇ ಪಾಡು. ಆದದ್ದು ಆಯಿತು, ಅದನ್ನು ಬದಲಿಸಲು ಹೋಗಬೇಡಿ.

ಆ ಪೇಜಿನಲ್ಲಿ ಅಜ್ಜನ ನೋಟುಬುಕ್ಕಿನ ಕ್ರಮದಲ್ಲೇ 58 ಸಾಲು ಬರೆಯಿರಿ. ಸಂವತ್ಸರದ ಹೆಸರು ಒಂದು ತಲೆಬರಹ. ಶಾರ್ವರಿ, ಪ್ಲವ, ಶುಭಕೃತ್, ಶೋಭಕೃತ್, ಕ್ರೋಧಿ. ಐದು ನೋಟುಬುಕ್ಕು, ಐದು ಸಂವತ್ಸರ, ಎಷ್ಟು ಚೆನ್ನಾಗಿ ಕೂತಿದೆ! ಅದರ ಕೆಳಗೆ ಮಳೆಯ ಹೆಸರು, ತಾರೀಖು, ಮೆಟ್ಟಿಲಿನ ಲೆಕ್ಕ. ಪ್ರತಿ ಸಾಲನ್ನೂ ಆಯಾ ಕಂತಿಗೆ ಲಿಂಕ್ ಮಾಡಿ. ಒಂದು ಸಂಜೆ ಕೂತರೆ ಮುಗಿಯುತ್ತದೆ. ಮೆಟ್ಟಿಲಿನ ಸಂಖ್ಯೆ ಬರೆಯುವುದನ್ನು ಬಿಡಬೇಡಿ, ಪರಿವಿಡಿ ನೋಡಿದರೇ ಹೊಳೆ ಏರಿದ್ದು ಇಳಿದದ್ದು ಗೊತ್ತಾಗಬೇಕು.

ಆಮೇಲೆ ಸೆಟ್ಟಿಂಗ್ಸಿನಲ್ಲಿ "ಎರರ್ಸ್ ಅಂಡ್ ರೀಡೈರೆಕ್ಟ್ಸ್" ಅಂತ ಒಂದು ಭಾಗ ಇದೆ. ಅದರಲ್ಲಿ "ಕಸ್ಟಮ್ ರೀಡೈರೆಕ್ಟ್ಸ್" ತೆಗೆದು "ಫ್ರಮ್" ಅನ್ನುವಲ್ಲಿ ಬರೇ ಒಂದು ಓರೆಗೆರೆ (/) ಹಾಕಿ. "ಟು" ಅನ್ನುವಲ್ಲಿ ಪರಿವಿಡಿ ಪೇಜಿನ ವಿಳಾಸ, ಬ್ಲಾಗಿನ ಹೆಸರು ಬಿಟ್ಟು ಓರೆಗೆರೆಯಿಂದ ಮುಂದಿನದು. ಉಳಿಸಿ. ಅಲ್ಲಿಗೆ ನಿಮ್ಮ ಬ್ಲಾಗಿನ ಹೆಸರು ಒತ್ತಿ ಬಂದವರು ಯಾರೇ ಆದರೂ ಮೊದಲು ಪರಿವಿಡಿಗೇ ಬರುತ್ತಾರೆ. ಕೊನೆಯ ಪುಟ ಬಾಗಿಲಲ್ಲೇ ಎದುರಾಗುವುದಿಲ್ಲ. ಹಳೇ ಥರ ಹೊಸದು ಮೇಲೆ ಇರುವ ಪಟ್ಟಿ ಯಾರಿಗಾದರೂ ಬೇಕಾದರೆ ಬ್ಲಾಗಿನ ವಿಳಾಸದ ಮುಂದೆ ಓರೆಗೆರೆ ಹಾಕಿ "ಸರ್ಚ್" ಅಂತ ಸೇರಿಸಿದರೆ ಸಿಗುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಗೂಗಲ್‌ನಿಂದ ಬರುವವರು ಬಾಗಿಲಿಂದ ಬರುವುದಿಲ್ಲ, ಹಿತ್ತಲಿಂದಲೋ ಕೊಟ್ಟಿಗೆಯಿಂದಲೋ ನೇರ ಯಾವುದೋ ಒಂದು ಕಂತಿಗೆ ಬಂದು ಬೀಳುತ್ತಾರೆ. ಅದಕ್ಕೆ ಪ್ರತಿ ಕಂತಿನ ತುದಿಯಲ್ಲಿ ಮೂರು ಲಿಂಕು ಕೊಡಿ: ಹಿಂದಿನದು, ಪರಿವಿಡಿ, ಮುಂದಿನದು. ನಿಮ್ಮ ಅಪ್ಪಯ್ಯನ ಪ್ರಶ್ನೆಗೂ ಅದೇ ಉತ್ತರ. ಬ್ಲಾಗರ್ ತಾನಾಗಿ ತೋರಿಸುವ "ಹಳೆಯ ಪೋಸ್ಟ್", "ಹೊಸ ಪೋಸ್ಟ್" ನಂಬಿಕೊಂಡರೆ ಆಗುವುದಿಲ್ಲ. ಕೊನೆಯ ಪುಟದ ಮೇಲ್ಗಡೆ ಮಾತ್ರ ಒಂದು ಸಾಲು ಜಾಸ್ತಿ ಇರಲಿ, ಇದು ಕೊನೆಯ ಪುಟ, ಮೊದಲಿಂದ ಓದುವವರು ಇಲ್ಲಿ ಒತ್ತಿ ಅಂತ. ಆ ಬೆಂಗಳೂರಿನ ಹುಡುಗಿಯಂಥವರಿಗೆ ಅದು ಬೇಕು.

ಕಡೆಯದಾಗಿ ಒಂದು. ಶೀರ್ಷಿಕೆಯಲ್ಲಿ "ಕಂತು 1", "ಕಂತು 2" ಅಂತ ಹಾಕಿದ್ದರೆ ತೆಗೆಯಿರಿ. ಅಜ್ಜನ ತಾರೀಖನ್ನೇ ಶೀರ್ಷಿಕೆ ಮಾಡಿ. ಅಜ್ಜ ಕಂತು ಅಂತ ಬರೆದಿರಲಿಲ್ಲವಲ್ಲ. ಶೀರ್ಷಿಕೆ ಬದಲಿಸಿದರೆ ವಿಳಾಸ ಬದಲಾಗುವುದಿಲ್ಲ, ಹೆದರಬೇಡಿ.


ಕೊಪ್ಪದ ಕಾಫಿ:

ವರ್ಡ್‌ಪ್ರೆಸ್ ಅನ್ನುವ ಇನ್ನೊಂದು ಬ್ಲಾಗ್ ಸೇವೆ ಆಗಿದ್ದರೆ ಇಷ್ಟು ಸುತ್ತಾಟ ಬೇಕಾಗುವುದಿಲ್ಲ. ಅದರಲ್ಲಿ ಬರಹಗಳ ಪಟ್ಟಿ ತೋರಿಸುವ "ಕ್ವೆರಿ ಲೂಪ್" ಅನ್ನುವ ಬ್ಲಾಕಿಗೆ "ಹಳೆಯದರಿಂದ ಹೊಸದಕ್ಕೆ" ಅನ್ನುವ ಆಯ್ಕೆ ಇದೆ. ದಿನಾಂಕ ಮುಟ್ಟದೆ ಕ್ರಮ ತಿರುಗಿಸಬಹುದು. ಬ್ಲಾಗರಿನಿಂದ ಬರಹ ಎತ್ತಿ ತರುವ ಸೌಲಭ್ಯವೂ ಇದೆ.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಇದೊಂದಕ್ಕಾಗಿ ಮನೆ ಬದಲಿಸುತ್ತಿರಲಿಲ್ಲ. ವಿಳಾಸ ಬದಲಾಗುತ್ತದೆ, ಹಳೇ ಲಿಂಕು ಕೆಡುತ್ತದೆ, ನೆಂಟರು ಉಳಿಸಿಟ್ಟುಕೊಂಡದ್ದು ತೆರೆಯುವುದಿಲ್ಲ. ಮೇಷ್ಟ್ರು ಹೇಳಿದ್ದೇ ನಿಮಗೆ ಸರಿ. ಪಕ್ಕದಲ್ಲಿ ಹಳೆಯ ಬರಹಗಳ ಪಟ್ಟಿ ತೋರಿಸುವ ಆರ್ಕೈವ್ ಗ್ಯಾಜೆಟ್ ಹಾಕಿಕೊಂಡಿದ್ದರೆ ಅದರ ಒಳಗೆ ಹಳೆಯದನ್ನು ಮೊದಲು ತೋರಿಸುವ ಗುರುತು ಇದೆಯಾ ಒಮ್ಮೆ ನೋಡಿ. ಅದು ಪಕ್ಕದ ಪಟ್ಟಿಗೆ ಮಾತ್ರ ಅನ್ವಯ, ಆದರೂ ಉಪಯೋಗಕ್ಕೆ ಬರುತ್ತದೆ.


ಹೊಸನಗರ ಹುಡುಗ:

ಅಕ್ಕಾ, ನಿಮ್ಮ ದೊಡ್ಡತ್ತೆಯ ವಿಷಯ ಓದಿ ಬೇಜಾರಾಯಿತು. ದಿನಾಂಕದ ಹಿಂದೆ ಅಷ್ಟೆಲ್ಲ ಇದೆ ಅಂತ ನೀವು ಮೊದಲೇ ಬರೆದಿದ್ದಿರಿ, ನಾನು ಗಮನ ಕೊಟ್ಟು ಓದಬೇಕಿತ್ತು. ಮೇಷ್ಟ್ರು ಹೇಳಿದ ಹಾಗೆ ಮಾಡಿ. ಲಿಂಕು ಹಾಕಲು ಜನ ಬೇಕಾದರೆ ಹೇಳಿ, ಭಾನುವಾರ ಕೂತು ಅರ್ಧ ನಾನು ಮಾಡಿಕೊಡುತ್ತೇನೆ.


ಹೊಳೆಯಾಚೆ:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಮಳೆ ಜೋರಿತ್ತು, ಕರೆಂಟು ಇರಲಿಲ್ಲ.

ಮೇಷ್ಟ್ರೇ, ನೀವು ಹೇಳಿದ್ದನ್ನು ಒಂದೂ ಬಿಡದೆ ಮಾಡಿದೆ. ಪರಿವಿಡಿಗೆ ಒಂದು ಸಂಜೆ ಅಂದಿದ್ದಿರಿ, ನನಗೆ ಮೂರು ಸಂಜೆ ಹಿಡಿಯಿತು. ಮೆಟ್ಟಿಲಿನ ಸಂಖ್ಯೆ ಬರೆಯಲು ಪ್ರತಿ ಪುಟವನ್ನೂ ಮತ್ತೆ ಓದಬೇಕಾಯಿತು, ಓದಲು ಕೂತರೆ ಏಳುವುದಕ್ಕೆ ಆಗುತ್ತಿರಲಿಲ್ಲ. ಎಲ್ಲ ಬರೆದು ಮೇಲಿಂದ ಕೆಳಗೆ ನೋಡಿದರೆ: 0, 2, 5, 11, 9, 4, 0. ಮತ್ತೆ 0, 3, 7. ಹೊಳೆ ಉಸಿರಾಡುತ್ತಿದ್ದ ಹಾಗೆ ಕಾಣುತ್ತದೆ. ಶೋಭಕೃತ್ ವರ್ಷ ಹದಿನಾಲ್ಕಕ್ಕೆ ಹೋಗಿ ಇಳಿಯಿತು. ಕ್ರೋಧಿ: 6, 13, 19, 21. ಆಮೇಲೆ ಕೊನೆಯ ಸಾಲಿಗೆ ಸಂಖ್ಯೆ ಇಲ್ಲ, ಬರೇ ಒಂದು ಗೆರೆ ಎಳೆದಿದ್ದೇನೆ. ನಾಲ್ಕು ವರ್ಷ ಇದನ್ನೇ ಟೈಪ್ ಮಾಡಿದವಳಿಗೆ ಇದು ಇಷ್ಟು ಸ್ಪಷ್ಟವಾಗಿ ಕಂಡದ್ದು ಈಗಲೇ.

ಬಾಗಿಲ ರೀಡೈರೆಕ್ಟ್ ಕೆಲಸ ಮಾಡುತ್ತಿದೆ. ಹಿಂದಿನದು, ಪರಿವಿಡಿ, ಮುಂದಿನದು ಲಿಂಕುಗಳಲ್ಲಿ ಅರ್ಧ ಹೊಸನಗರದ ತಮ್ಮ ಹಾಕಿಕೊಟ್ಟರು. ಎರಡು ಕಡೆ ನಾನೇ ತಪ್ಪು ಕಂತಿಗೆ ಜೋಡಿಸಿದ್ದೆ, ಅದನ್ನೂ ಹಿಡಿದರು. ತುಂಬ ಉಪಕಾರ ಆಯಿತು.

ಅಪ್ಪಯ್ಯನಿಗೆ ಈಗ ಅರುವತ್ತೊಂಬತ್ತು. ನೀರು ಬಂದಾಗ ಎಂಟು ವರ್ಷ. ನಾನು ಒಂದೊಂದೇ ಹಾಕುತ್ತಿದ್ದಾಗ ಓದಿ ಅಂತ ಕೊಟ್ಟರೆ "ಆಮೇಲೆ ನೋಡುತ್ತೇನೆ" ಅಂತ ತಳ್ಳಿಬಿಡುತ್ತಿದ್ದರು. ಈಗಲೂ ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಿರೇಭಾಸ್ಕರದ ಹಳೇ ಅಣೆಕಟ್ಟು ಮೇಲೆದ್ದಾಗ ನೋಡಲು ಹೋಗೋಣ ಅಂದರೆ ಬರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಪೇಪರು ಬಂದ ಕೂಡಲೇ ಲಿಂಗನಮಕ್ಕಿ ಎಷ್ಟು ಅಡಿ ಅಂತ ನೋಡುತ್ತಾರೆ. 1819 ಅಡಿ ಆದರೆ ಭರ್ತಿ. ಅದಕ್ಕೆ ಎಷ್ಟು ಬಾಕಿ ಅಂತ ಬಾಯಲ್ಲೇ ಕಳೆದು ಹೇಳುತ್ತಾರೆ.

ಮೊನ್ನೆ ಪರಿವಿಡಿ ತೆಗೆದು ಫೋನು ಕೈಯಲ್ಲಿ ಕೊಟ್ಟೆ. "ಶಾರ್ವರಿ" ಅಂತ ನೋಡಿದರು. ಮೊದಲ ಸಾಲು ಒತ್ತಿದರು. ಆಮೇಲೆ ಅವರಷ್ಟಕ್ಕೆ ಮುಂದಿನದು, ಮುಂದಿನದು ಅಂತ ಒತ್ತುತ್ತಾ ಹೋದರು. ದಿನಕ್ಕೆ ನಾಲ್ಕೈದು ಓದುತ್ತಾರೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ತಾವಾಗೇ ಕೇಳಿದರು: "ಕೌಲಿ ತಿರುಗಿ ಹೋದದ್ದು ಬರೆದಿದ್ದಾರಲ್ಲ, ಅದು ಎಲ್ಲಿ ಬರುತ್ತದೆ?"

ನನಗೆ ಕೌಲಿಯೇ ಗೊತ್ತಿಲ್ಲ. ಕೇಳಿದೆ. ಹಳೇ ಮನೆ ಬಿಟ್ಟು ದನಕರು ಹೊಡೆದುಕೊಂಡು ಇಲ್ಲಿಗೆ ಬಂದ ಮೇಲೆ ಕೌಲಿ ಅನ್ನುವ ದನ ಒಂದು ರಾತ್ರಿ ಕಣ್ಣಿ ಹರಿದುಕೊಂಡು ಹೋಯಿತಂತೆ. ಅಜ್ಜ ಮೂರು ದಿನ ಹುಡುಕಿದರಂತೆ. ಕಡೆಗೆ ಸಿಕ್ಕಿದ್ದು ಹಳೇ ಮನೆಯ ಅಂಗಳದಲ್ಲಿ. ಮನೆಗೆ ಸೂರಿಲ್ಲ, ಬಾಗಿಲಿಲ್ಲ, ಗೋಡೆ ಮಾತ್ರ ಇತ್ತು. ಕೊಟ್ಟಿಗೆ ಇದ್ದ ಜಾಗದಲ್ಲಿ ತನ್ನ ಗೂಟದ ಹತ್ತಿರವೇ ಮಲಗಿತ್ತಂತೆ. ಅಜ್ಜ ಅದನ್ನು ರಾತ್ರಿ ಲಾಟೀನು ಇಟ್ಟುಕೊಂಡು ಬರೆಯುತ್ತಿದ್ದದ್ದು ಅಪ್ಪಯ್ಯನಿಗೆ ನೆನಪಿದೆ.

ಊಟ ಬಿಟ್ಟು ಎದ್ದು ಹೋಗಿ ನಾಲ್ಕನೇ ನೋಟುಬುಕ್ಕು ತೆಗೆದೆ. ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಹಳೇ ಗೋಂದೋ, ಮಳೆಯ ತೇವವೋ, ನಾನು ಒಂದೇ ಹಾಳೆ ಅಂತ ತಿಳಿದುಕೊಂಡಿದ್ದೆ. ಚಾಕುವಿನ ತುದಿಯಿಂದ ಬಿಡಿಸಿದೆ. ಅಲ್ಲಿದೆ. ತಾ. 9-3-64. ಮುಕ್ಕಾಲು ಪುಟ. ಅಜ್ಜ ಬೇರೆ ಎಲ್ಲೂ ಅಷ್ಟು ಉದ್ದ ಬರೆದಿಲ್ಲ.

ಈಗ ಅದನ್ನು ಮಧ್ಯೆ ಸೇರಿಸಬೇಕು. ಈಗ ಹಾಕಿದರೆ ಅದಕ್ಕೆ 2025ರ ದಿನಾಂಕ ಬೀಳುತ್ತದೆ. ಹೇಗೆ ಮಾಡಲಿ?


ಹೊಸನಗರ ಹುಡುಗ:

ಅಕ್ಕಾ, ಮೊದಲು ನಿಮಗೆ ಹೇಳಿ ತಪ್ಪಾದ ದಾರಿ ಈಗ ಸರಿಯಾದ ದಾರಿ. ಹೊಸ ಪೋಸ್ಟ್ ಬರೆಯಿರಿ, ಪ್ರಕಟಿಸುವ ಮೊದಲೇ "ಪಬ್ಲಿಶ್ಡ್ ಆನ್" ತೆಗೆದು 9 ಮಾರ್ಚ್ 2024 ಅಂತ ಕೊಡಿ. ಅಜ್ಜ ಬರೆದು ಸರಿಯಾಗಿ ಅರುವತ್ತು ವರ್ಷ. ನೀವು ಅವತ್ತೇ ಹಾಕಬೇಕಿದ್ದ ಪುಟ ಅದು. ಆರ್ಕೈವಿನಲ್ಲೂ ಅದರ ಜಾಗಕ್ಕೇ ಹೋಗಿ ಕೂರುತ್ತದೆ, ವಿಳಾಸದಲ್ಲೂ 2024, 03 ಅಂತಲೇ ಬರುತ್ತದೆ. ಪ್ರಕಟಿಸುವ ಮೊದಲು ಅಲ್ಲೇ "ಪರ್ಮಾಲಿಂಕ್" (ಬರಹದ ವಿಳಾಸ) ತೆಗೆದು ಇಂಗ್ಲಿಷ್ ಅಕ್ಷರದಲ್ಲಿ ಕೌಲಿ ಅಂತ ಕೊಡಿ. ಇದೊಂದಕ್ಕಾದರೂ ಒಂದು ಹೆಸರಿನ ವಿಳಾಸ ಇರಲಿ. ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ, ಚುಕ್ಕಿ ಇಷ್ಟೇ ಅದು ಒಪ್ಪುತ್ತದೆ.


ತೀರ್ಥಹಳ್ಳಿ ಮೇಷ್ಟ್ರು:

ಪರಿವಿಡಿಯಲ್ಲಿ ಒಂದು ಸಾಲು ಸೇರಿಸಿ, ಆಚೆ ಈಚೆಯ ಎರಡು ಕಂತಿನ ತುದಿಯ ಲಿಂಕು ಬದಲಿಸಿ. ಅಷ್ಟೇ ಕೆಲಸ. ಶೀರ್ಷಿಕೆಗೆ ಕಂತಿನ ಅಂಕಿ ಹಾಕಿದ್ದರೆ ಇವತ್ತು ಮುಂದಿನದೆಲ್ಲ ತಿದ್ದಬೇಕಾಗುತ್ತಿತ್ತು ನೋಡಿ.

ಹಾಳೆಯ ಫೋಟೋ ಕೂಡ ಹಾಕಿ ತಂಗೀ. ಅಂಟು ಬಿಟ್ಟ ಗುರುತು ಕಾಣುವ ಹಾಗೆ.


ಹೊಳೆಯಾಚೆ:

ಹಾಗೇ ಮಾಡುತ್ತೇನೆ. ಇವತ್ತು ರಾತ್ರಿಯೇ ಟೈಪ್ ಮಾಡಲು ಕೂರಬೇಕು. ಅಪ್ಪಯ್ಯ ಈಗ ಶುಭಕೃತ್ ಮುಗಿಸಿ ಶೋಭಕೃತ್‌ಗೆ ಬಂದಿದ್ದಾರೆ, ನಾಳೆ ನಾಡಿದ್ದರಲ್ಲಿ ಮಾರ್ಚಿಗೆ ಮುಟ್ಟುತ್ತಾರೆ. ಅಷ್ಟರೊಳಗೆ ಕೌಲಿ ಅಲ್ಲಿರಬೇಕು.